ಇಂಗ್ಲೆಂಡಿನ ಹಳ್ಳಿಯ ಪಬ್: ಪದೇ ಪದೇ ಕೇಳುವ ಪ್ರಶ್ನೆಗಳು

ಓದಿಗೋ ಉದ್ಯೋಗಕ್ಕೋ ಇಂಗ್ಲೆಂಡಿಗೆ ಹೋದ ಕನ್ನಡಿಗರಲ್ಲಿ, ಅವರನ್ನು ನೋಡಿಬರಲು ಹೋಗುವ ತಂದೆತಾಯಿಗಳಲ್ಲಿ ಬಹಳ ಮಂದಿ ಹಳ್ಳಿಯ ಪಬ್ಬನ್ನು ಹೊರಗಿನಿಂದಲೇ ನೋಡಿ ಮುಂದೆ ಸಾಗುತ್ತಾರೆ. ಕುಡಿಯದವರಿಗೆ ಅಲ್ಲೇನು ಕೆಲಸ ಎಂಬ ಸಂಕೋಚವೇ ಇದಕ್ಕೆ ಮುಖ್ಯ ಕಾರಣ. ಆ ಸಂಕೋಚ ಬೇಕಾಗಿಲ್ಲ ಎಂಬುದು ನಮ್ಮ ದೃಢವಾದ ಅಭಿಪ್ರಾಯ. ದಕ್ಷಿಣ ಇಂಗ್ಲೆಂಡಿನ ಡಾರ್ಸೆಟ್ ಕೌಂಟಿಯ ವರ್ತ್ ಮ್ಯಾಟ್ರಾವರ್ಸ್ ಎಂಬ ಹಳ್ಳಿಯಲ್ಲಿರುವ ‘ಸ್ಕ್ವೇರ್ ಅಂಡ್ ಕಂಪಾಸ್’ ಪಬ್ಬನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡು, ಸಾಮಾನ್ಯವಾಗಿ ಏಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡಲಾಗಿದೆ.

ಹಳ್ಳಿಯ ಪಬ್ ಎಂದರೆ ಏನು? ಅದು ನಮ್ಮ ಊರುಗಳ ಬಾರ್‌ಗಿಂತ ಹೇಗೆ ಬೇರೆ?

ಪಬ್ ಮೂಲತಃ ಒಂದು ಮನೆ. ಮೇಲಂತಸ್ತಿನಲ್ಲಿ ಅದನ್ನು ನಡೆಸುವವರ ಸಂಸಾರವಿದ್ದು, ಕೆಳಗಿನ ಕೋಣೆಗಳು ಊರಿಗೆಲ್ಲ ತೆರೆದಿರುವುದು ಅದರ ಹಳೆಯ ಪದ್ಧತಿ; ಇಂದಿಗೂ ಅನೇಕ ಹಳ್ಳಿಗಳಲ್ಲಿ ಅದು ಹಾಗೆಯೇ ಉಳಿದಿದೆ. ನಮ್ಮಲ್ಲಿ ಬಾರ್ ಎಂದೊಡನೆ ಕತ್ತಲೆಯ ಕೋಣೆ, ಗಂಡಸರ ಗುಂಪು, ಮನೆಯವರಿಗೆ ಹೇಳದೆ ಹೋಗುವ ಜಾಗ ಎಂಬ ಚಿತ್ರ ಕಣ್ಣಮುಂದೆ ಬರುತ್ತದೆ. ಇಂಗ್ಲೆಂಡಿನ ಹಳ್ಳಿಯ ಪಬ್ಬಿಗೆ ಅಜ್ಜಿ, ಮೊಮ್ಮಗು, ಸಾಕುನಾಯಿ ಸಮೇತ ಇಡೀ ಕುಟುಂಬ ಬರುತ್ತದೆ. ಕ್ರಿಕೆಟ್ ತಂಡದ ಸಭೆ, ಶವಸಂಸ್ಕಾರದ ನಂತರ ಬಂಧುಗಳು ಕೂಡುವುದು, ಚರ್ಚಿನ ಗಂಟೆ ಬಾರಿಸುವವರು ಅಭ್ಯಾಸ ಮುಗಿಸಿ ದಾಹ ತೀರಿಸಿಕೊಳ್ಳುವುದು, ಎಲ್ಲವೂ ಅಲ್ಲಿಯೇ. ಬಿಯರ್ ಅಲ್ಲಿನ ಮುಖ್ಯ ಸರಕು ಎಂಬುದು ನಿಜವಾದರೂ, ಜನ ಬರುವುದು ಮುಖ್ಯವಾಗಿ ಪರಸ್ಪರ ಭೇಟಿಗೆ.

ಸ್ಕ್ವೇರ್ ಅಂಡ್ ಕಂಪಾಸ್ ಇರುವುದು ಎಲ್ಲಿ? ಅಲ್ಲಿಗೆ ಹೋಗುವುದು ಹೇಗೆ?

ಇಂಗ್ಲಿಷ್ ಕಡಲ್ಗಾಲುವೆಗೆ ಮುಖಮಾಡಿ ನಿಂತಿರುವ ಪರ್ಬೆಕ್ ಎಂಬ ಪರ್ಯಾಯದ್ವೀಪದಲ್ಲಿ, ಸ್ವಾನೇಜ್ ಪಟ್ಟಣದ ಪಶ್ಚಿಮಕ್ಕೆ ಈ ಹಳ್ಳಿಯಿದೆ. ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ವೇಮತ್ ಕಡೆಗೆ ಹೋಗುವ ರೈಲು ಹತ್ತಿ ವೇರ್‌ಹ್ಯಾಮ್‌ನಲ್ಲಿ ಇಳಿದು, ಅಲ್ಲಿಂದ ಕಾರಿನಲ್ಲೋ ಟ್ಯಾಕ್ಸಿಯಲ್ಲೋ ಹೋಗಬೇಕು. ಕಾಲಲ್ಲಿ ಕಸುವಿರುವವರು ಸ್ವಾನೇಜ್‌ನಿಂದ ಕರಾವಳಿಯ ಕಾಲುದಾರಿ ಹಿಡಿದು ನಡೆದೇ ಬರುವುದು ಉತ್ತಮ. ಇಲ್ಲಿನ ಗಿರಾಕಿಗಳಲ್ಲಿ ಹಾಗೆ ನಡೆದು ಬರುವವರೂ ಬಹಳ.

ಈ ಕಟ್ಟಡದ ಇತಿಹಾಸವೇನು? ಹೆಸರು ಎಲ್ಲಿಂದ ಬಂತು?

18ನೇ ಶತಮಾನದಲ್ಲಿ ಜೋಡಿ ಮನೆಗಳಾಗಿ ಕಟ್ಟಿದ್ದು ಆಮೇಲೆ ಪಬ್ ಆಯಿತು. ಗೋಡೆ, ನೆಲ, ಛಾವಣಿಯ ಹೆಂಚು, ಹೊರಗಿನ ಮೇಜು, ಎಲ್ಲವೂ ಸ್ಥಳೀಯ ಪರ್ಬೆಕ್ ಕಲ್ಲಿನವು. ಈ ಪ್ರದೇಶದ ಬದುಕು ಶತಮಾನಗಳ ಕಾಲ ಕಲ್ಲುಗಣಿಗಳ ಮೇಲೆಯೇ ನಿಂತಿತ್ತು. ಪರ್ಬೆಕ್ ಅಮೃತಶಿಲೆ ಎಂದು ಹೆಸರಾದ ಕಲ್ಲಿನಿಂದ ಮಾಡಿದ ಕಂಬಗಳು ಸಾಲ್ಸ್‌ಬರಿಯ ಮಹಾ ಚರ್ಚಿನಲ್ಲಿಯೂ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿಯೂ ಇವೆ. 1830ರಲ್ಲಿ ಈ ಪಬ್ಬನ್ನು ನಡೆಸುತ್ತಿದ್ದವನು ಸ್ವತಃ ಕಲ್ಲುಕುಟಿಗನಾಗಿದ್ದವನು; ತನ್ನ ಕಸುಬಿನ ಉಪಕರಣಗಳಾದ ಮೂಲೆಮಟ್ಟ ಮತ್ತು ಕೈವಾರಗಳ ಹೆಸರನ್ನೇ ಅದಕ್ಕೆ ಇಟ್ಟನು. 1907ರಿಂದ ನ್ಯೂಮನ್ ಕುಟುಂಬದವರು ಇದನ್ನು ನಡೆಸಿಕೊಂಡು ಬಂದಿದ್ದಾರೆ. ತಲೆಮಾರಿನಿಂದ ತಲೆಮಾರಿಗೆ ಒಂದೇ ಮನೆತನದ ಕೈಯಲ್ಲಿ ಉಳಿದ ಪಬ್‌ಗಳು ಇಂಗ್ಲೆಂಡಿನಲ್ಲಿ ಈಗ ಅಪರೂಪವಾಗಿವೆ. ಒಳಾಂಗಣ ಹೆಚ್ಚು ಬದಲಾಗದೆ ಉಳಿಯಲು ಅದೂ ಒಂದು ಕಾರಣವಿರಬೇಕು: ಬೇರೆ ಕಡೆ ಮಾಲೀಕರು ಬದಲಾದಾಗಲೆಲ್ಲ ಗೋಡೆಗಳನ್ನು ಒಡೆದು ಕೋಣೆಗಳನ್ನು ಒಂದಾಗಿಸಿದ್ದಾರೆ.

ಒಳಗೆ ಕೌಂಟರೇ ಇಲ್ಲವಂತೆ, ಹೌದೇ?

ಹೌದು. ಈ ಪಬ್ಬಿನ ವಿಶೇಷವೇ ಅದು. ಬಾಗಿಲು ದಾಟಿದ ಕೂಡಲೇ ಚಪ್ಪಡಿ ಕಲ್ಲು ಹಾಸಿದ ಕಿರಿದಾದ ಓಣಿಯೊಂದು ಸಿಗುತ್ತದೆ. ಅದರ ಗೋಡೆಯಲ್ಲಿ ಎರಡು ಕಿಂಡಿಗಳಿವೆ. ಕಿಂಡಿಯ ಆಚೆ ಪೀಪಾಯಿಗಳನ್ನು ಅಡ್ಡಲಾಗಿ ಮಲಗಿಸಿಟ್ಟಿದ್ದು, ನೀವು ಕೇಳಿದ ಬಿಯರನ್ನು ಪಂಪಿನ ಸಹಾಯವಿಲ್ಲದೆ ನೇರವಾಗಿ ಪೀಪಾಯಿಯ ನಲ್ಲಿಯಿಂದಲೇ ಗ್ಲಾಸಿಗೆ ಬಗ್ಗಿಸಿ ಕೊಡುತ್ತಾರೆ. ಜನ ಹೆಚ್ಚಾದಾಗ ಓಣಿಯಲ್ಲಿ ಸಾಲು ಬೆಳೆಯುತ್ತದೆ. ತುಂಬಿದ ಗ್ಲಾಸು ಹಿಡಿದು ಹೊರಬರುವವರಿಗೆ ದಾರಿ ಬಿಡಲು ನಿಂತವರು ಗೋಡೆಗೆ ಒತ್ತಿ ನಿಲ್ಲಬೇಕಾಗುತ್ತದೆ. ಉದ್ದನೆಯ ಕೌಂಟರಿನ ಹಿಂದೆ ನಿಂತು ಬಿಯರ್ ಮಾರುವ ಪದ್ಧತಿ ಪಬ್‌ಗಳಲ್ಲಿ ಹರಡಿದ್ದು 19ನೇ ಶತಮಾನದಲ್ಲಿ. ಅದಕ್ಕೆ ಮೊದಲು ಮನೆಯೊಡತಿಯೋ ಕೆಲಸದವರೋ ಒಳಗಿನಿಂದ ಜಗ್‌ನಲ್ಲಿ ತಂದು ಬಡಿಸುತ್ತಿದ್ದರು. ಆ ಹಳೆಯ ವ್ಯವಸ್ಥೆಯ ನೆರಳನ್ನು ಇಂತಹ ಕಿಂಡಿಗಳಲ್ಲಿ ಕಾಣಬಹುದು. ಇತಿಹಾಸದ ದೃಷ್ಟಿಯಿಂದ ಮಹತ್ವದ ಒಳಾಂಗಣವುಳ್ಳ ಪಬ್‌ಗಳ ರಾಷ್ಟ್ರೀಯ ಪಟ್ಟಿಯಲ್ಲಿ ಇದು ಸೇರಿರುವುದು ಸಹಜವಾಗಿಯೇ ಇದೆ.

ಪಬ್‌ಗಳು ಹುಟ್ಟಿದ್ದು ಯಾವಾಗ?

ಮಧ್ಯಯುಗದ ಇಂಗ್ಲೆಂಡಿನ ಹಳ್ಳಿಗಳಲ್ಲಿ ಬಿಯರ್ ಕುದಿಸುವುದು ಬಹುಮಟ್ಟಿಗೆ ಹೆಂಗಸರ ಮನೆಗೆಲಸವಾಗಿತ್ತು. ಮನೆಮಂದಿಗೆ ಸಾಕಾಗಿ ಮಿಕ್ಕಿದ್ದನ್ನು ಮಾರುವಾಗ, ತಾಜಾ ಏಲ್ (ಇಂಗ್ಲೆಂಡಿನ ಹಳೆಯ ಬಗೆಯ ಬಿಯರ್) ಸಿದ್ಧವಾಗಿದೆ ಎಂದು ತಿಳಿಸಲು ಕೋಲಿನ ತುದಿಗೆ ಸೊಪ್ಪಿನ ಕಂತೆ ಕಟ್ಟಿ ಮನೆಯ ಹೊರಗೆ ಚಾಚುತ್ತಿದ್ದರು. 13ನೇ ಶತಮಾನದಷ್ಟು ಹಿಂದೆಯೇ ಏಲಿನ ಬೆಲೆಯನ್ನೂ ಗುಣಮಟ್ಟವನ್ನೂ ಕಾನೂನು ನಿಯಂತ್ರಿಸುತ್ತಿತ್ತು, ರುಚಿ ನೋಡಿ ಪರೀಕ್ಷಿಸುವ ಅಧಿಕಾರಿಗಳಿದ್ದರು. ಕಹಿರುಚಿಯ ಹಾಪ್ಸ್ ಹೂವನ್ನು ಹಾಕಿ ಬಿಯರ್ ಮಾಡುವ ಕ್ರಮ ಸುಮಾರು 15ನೇ ಶತಮಾನದಲ್ಲಿ ಯುರೋಪಿನ ಭೂಭಾಗದಿಂದ ಬಂದು ಬೇರೂರಿತು. ಹಾಪ್ಸ್ ಹಾಕಿದ ಬಿಯರ್ ಹೆಚ್ಚು ದಿನ ಕೆಡದೆ ಉಳಿಯುತ್ತಿದ್ದುದರಿಂದ ದೊಡ್ಡ ಪ್ರಮಾಣದ ತಯಾರಿಕೆಗೆ ದಾರಿಯಾಯಿತು, ಹೆಂಗಸರ ಕೈಯಿಂದ ಆ ಕಸುಬು ಕ್ರಮೇಣ ಜಾರಿಹೋಯಿತು.

1552ರ ಕಾಯ್ದೆ ಏಲ್ ಮನೆಗಳಿಗೆ ನ್ಯಾಯಾಧಿಕಾರಿಗಳ ಪರವಾನಗಿಯನ್ನು ಕಡ್ಡಾಯ ಮಾಡಿತು. 1830ರ ಬಿಯರ್ ಕಾಯ್ದೆ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆಯಿತು: ತೆರಿಗೆ ಕಟ್ಟುವ ಯಾವ ಮನೆಯವನೂ 2 ಗಿನ್ನಿ ಶುಲ್ಕ ತೆತ್ತು ತನ್ನ ಮನೆಯಲ್ಲಿಯೇ ಬಿಯರ್ ಮಾರಬಹುದಾಯಿತು. ಜಿನ್‌ನಂತಹ ತೀಕ್ಷ್ಣ ಮದ್ಯದಿಂದ ಬಡಜನರನ್ನು ಬಿಯರ್ ಕಡೆಗೆ ತಿರುಗಿಸುವುದು ಅದರ ಉದ್ದೇಶಗಳಲ್ಲೊಂದು. ಕೆಲವೇ ತಿಂಗಳುಗಳಲ್ಲಿ ಸಾವಿರಾರು ಬಿಯರ್ ಮನೆಗಳು ಹುಟ್ಟಿಕೊಂಡವು. ಇಂದು ನೂರಾರು ವರ್ಷ ಹಳೆಯವು ಎಂದು ತೋರುವ ಸಣ್ಣ ಹಳ್ಳಿಯ ಪಬ್‌ಗಳಲ್ಲಿ ಹಲವು ನಿಜವಾಗಿ ಆ ಕಾಲದವು.

ಪ್ರತಿ ಪಬ್ಬಿನ ಮುಂದೆಯೂ ಚಿತ್ರವಿರುವ ಫಲಕ ಏಕಿರುತ್ತದೆ?

ಓದುಬರಹ ಬಾರದ ಜನರಿಗೆ ಗುರುತು ಸಿಗಲಿ ಎಂಬುದು ಮೊದಲ ಕಾರಣ. 2ನೇ ರಿಚರ್ಡ್ ದೊರೆಯ ಕಾಲದಲ್ಲಿ, 1393ರಲ್ಲಿ, ಏಲ್ ಮಾರುವವರು ಫಲಕ ತೂಗುಹಾಕಲೇಬೇಕೆಂಬ ನಿಯಮ ಬಂತು. ‘ವೈಟ್ ಹಾರ್ಟ್’ ಎಂಬ ಹೆಸರಿನ ಬಿಳಿ ಜಿಂಕೆ ಅದೇ ದೊರೆಯ ಲಾಂಛನ. ‘ರಾಯಲ್ ಓಕ್’ ಎಂಬುದು 1651ರ ವುಸ್ಟರ್ ಕದನದಲ್ಲಿ ಸೋತ 2ನೇ ಚಾರ್ಲ್ಸ್ ಓಕ್ ಮರದಲ್ಲಿ ಅಡಗಿ ಪಾರಾದುದರ ನೆನಪು. ನೇಗಿಲು, ತೆನೆಯ ಕಂತೆ, ಕುದುರೆಲಾಳ ಮುಂತಾದವು ಊರಿನ ಕಸುಬುಗಳನ್ನು ಹೇಳುತ್ತವೆ.

ಸ್ಕ್ವೇರ್ ಅಂಡ್ ಕಂಪಾಸ್‌ನಲ್ಲಿ ಏನೇನು ಸಿಗುತ್ತದೆ?

ಪೀಪಾಯಿಯ ಏಲ್, ಪಬ್ಬಿನವರೇ ಸೇಬು ಹಿಂಡಿ ಮಾಡುವ ಸೈಡರ್, ಬಿಸಿ ಪೇಸ್ಟಿ. ಸೈಡರ್ ಎಂದರೆ ಹಣ್ಣಿನ ರಸವೆಂದು ತಿಳಿದು ಮಕ್ಕಳಿಗೆ ಕೊಡಿಸಬೇಡಿ. ಇಂಗ್ಲೆಂಡಿನಲ್ಲಿ ಅದು ಹುದುಗಿಸಿದ ಸೇಬಿನ ಮದ್ಯ, ಬಹಳ ಸಲ ಬಿಯರಿಗಿಂತ ತೀಕ್ಷ್ಣ. ಪೇಸ್ಟಿ ಎಂಬುದು ಕರ್ಜಿಕಾಯಿಯಂತೆ ಅರ್ಧಚಂದ್ರಾಕಾರದಲ್ಲಿ ಮಡಿಚಿ ಅಂಚು ಒತ್ತಿ, ಎಣ್ಣೆಯಲ್ಲಿ ಕರಿಯದೆ ಒಲೆಯಲ್ಲಿ ಬೇಯಿಸಿದ ಖಾದ್ಯ. ಇದಕ್ಕಿಂತ ಉದ್ದನೆಯ ಮೆನು ಇಲ್ಲಿಲ್ಲ. ಬೇರೆ ಹಳ್ಳಿಯ ಪಬ್‌ಗಳಲ್ಲಿ ಊಟದ ವ್ಯವಸ್ಥೆ ದೊಡ್ಡದಿರುತ್ತದೆ, ಭಾನುವಾರ ಮಧ್ಯಾಹ್ನದ ರೋಸ್ಟ್ ಊಟಕ್ಕೆ ಮುಂಚಿತವಾಗಿ ಮೇಜು ಕಾದಿರಿಸುವುದು ಒಳ್ಳೆಯದು.

ಬೇಸಿಗೆಯಲ್ಲಿ ಬಹುತೇಕ ಎಲ್ಲರೂ ಕೂರುವುದು ಹೊರಗೆ. ದಪ್ಪ ಕಲ್ಲಿನ ಚಪ್ಪಡಿಗಳೇ ಅಲ್ಲಿ ಮೇಜು, ಅವೇ ಆಸನ. ಕಾಲಬಳಿ ಕೋಳಿಗಳು ಪೇಸ್ಟಿಯ ಚೂರು ಹೆಕ್ಕುತ್ತ ಓಡಾಡುತ್ತವೆ, ಎದುರಿಗೆ ಎರಡು ಗುಡ್ಡಗಳ ನಡುವೆ ಸಮುದ್ರ. ಆ ಗುಡ್ಡಗಳ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುವುದು ಮಧ್ಯಯುಗದ ರೈತರು ಉಳುಮೆಗೆಂದು ಕಡಿದ ಪಟ್ಟಿಗಳು.

ಪಬ್ಬಿನಲ್ಲಿ ವಸ್ತುಸಂಗ್ರಹಾಲಯವಿದೆ ಎಂಬುದು ನಿಜವೇ?

ನಿಜ. ನ್ಯೂಮನ್ ಕುಟುಂಬದವರು ಸುತ್ತಮುತ್ತಲ ಬಂಡೆಗಳಲ್ಲೂ ಹೊಲಗಳಲ್ಲೂ ಸಂಗ್ರಹಿಸಿದ ಪಳೆಯುಳಿಕೆಗಳನ್ನೂ ಹಳೆಯ ವಸ್ತುಗಳನ್ನೂ ಒಂದು ಸಣ್ಣ ಕೋಣೆಯಲ್ಲಿ ಜೋಡಿಸಿಟ್ಟಿದ್ದಾರೆ. 2001ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ತಾಣವೆಂದು ಗುರುತಿಸಿದ ಜುರಾಸಿಕ್ ಕರಾವಳಿಯ ಮೇಲೆಯೇ ಈ ಊರಿದೆ. ಇಲ್ಲಿನ ಬಂಡೆಗಳಲ್ಲಿ ಸಿಗುವ, ಸುರುಳಿ ಚಿಪ್ಪಿನ ಅಮ್ಮೋನೈಟ್‌ಗಳು ನಮಗೆ ಅಪರಿಚಿತವಲ್ಲ: ನೇಪಾಳದ ಗಂಡಕಿ ನದಿಯಿಂದ ಬಂದು ನಮ್ಮ ದೇವರಮನೆಗಳಲ್ಲಿ ಪೂಜೆಗೊಳ್ಳುವ ಸಾಲಿಗ್ರಾಮಗಳಲ್ಲಿ ಕಾಣುವ ಚಕ್ರವೂ ಅದೇ ಬಗೆಯ ಪ್ರಾಚೀನ ಸಮುದ್ರಜೀವಿಯ ಅಚ್ಚು.

‘ರಿಯಲ್ ಏಲ್’ ಎಂದರೇನು? ಅದು ಬೆಚ್ಚಗಿರುತ್ತದೆ ಎನ್ನುತ್ತಾರಲ್ಲ?

ಕಾರ್ಖಾನೆಯಲ್ಲಿ ಸೋಸಿ, ಕಾಯಿಸಿ, ಅನಿಲ ತುಂಬಿ ಕಳಿಸುವ ಬಿಯರಿನಲ್ಲಿ ಯೀಸ್ಟ್ ಜೀವಂತವಾಗಿರುವುದಿಲ್ಲ. ರಿಯಲ್ ಏಲ್ ಹಾಗಲ್ಲ; ಅದು ಪೀಪಾಯಿಯಲ್ಲಿರುವಾಗಲೂ ನಿಧಾನವಾಗಿ ಹುದುಗುತ್ತಲೇ ಇರುತ್ತದೆ, ಅದರ ನವಿರಾದ ನೊರೆ ಹುಟ್ಟುವುದು ಹಾಗೆ. ಆದ್ದರಿಂದ ಅದನ್ನು ನೋಡಿಕೊಳ್ಳುವುದು ಪಬ್ ನಡೆಸುವವರ ಕೌಶಲ. ಪೀಪಾಯಿ ಬಂದ ಮೇಲೆ ಅಲುಗಾಡಿಸದೆ ಮಲಗಿಸಿ, ಹೆಚ್ಚಿನ ಅನಿಲ ಹೊರಹೋಗಲು ಬಿಟ್ಟು, ಗಷ್ಟು ತಳಕ್ಕಿಳಿಯುವವರೆಗೆ ಕಾಯಬೇಕು. ತೆರೆದ ಮೇಲೆ ಮೂರು ನಾಲ್ಕು ದಿನಗಳಲ್ಲಿ ಖಾಲಿಯಾಗದಿದ್ದರೆ ಹುಳಿಯಾಗುತ್ತದೆ. ಅದನ್ನು ಕೊಡುವುದು ನೆಲಮಾಳಿಗೆಯ ತಂಪಿನಲ್ಲಿ, ಸುಮಾರು 11ರಿಂದ 13 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಫ್ರಿಜ್ಜಿನ ಬಿಯರಿಗೆ ಒಗ್ಗಿದವರಿಗೆ ಅದು ಬೆಚ್ಚಗೆನ್ನಿಸಬಹುದು. ಆದರೆ ಹೆಚ್ಚು ತಣ್ಣಗಾದರೆ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ರುಚಿ ಮಂಕಾಗುತ್ತದೆ.

1960ರ ದಶಕದಲ್ಲಿ ದೊಡ್ಡ ಕಂಪನಿಗಳು ಈ ಬಗೆಯ ಏಲನ್ನು ಕೈಬಿಡತೊಡಗಿದಾಗ, ಅದನ್ನು ಉಳಿಸಲು 1971ರಲ್ಲಿ ಕ್ಯಾಮ್ರಾ ಎಂಬ ಗ್ರಾಹಕರ ಚಳವಳಿ ಹುಟ್ಟಿತು. ಅದು 1974ರಿಂದ ಹೊರತರುತ್ತಿರುವ ಉತ್ತಮ ಬಿಯರ್ ಕೈಪಿಡಿಯಲ್ಲಿ ಒಂದು ವರ್ಷವೂ ತಪ್ಪದೆ ಸ್ಥಾನ ಪಡೆದು ಹೆಸರಾದ ಬೆರಳೆಣಿಕೆಯ ಪಬ್‌ಗಳಲ್ಲಿ ಸ್ಕ್ವೇರ್ ಅಂಡ್ ಕಂಪಾಸ್ ಒಂದು.

ನಾನು ಕುಡಿಯುವುದಿಲ್ಲ, ಸಸ್ಯಾಹಾರಿ ಬೇರೆ. ಹೋಗಬಹುದೇ?

ಧಾರಾಳವಾಗಿ ಹೋಗಬಹುದು. ನಿಂಬೆ ಶರಬತ್ತಿಗೆ ಸೋಡಾ ಬೆರೆಸಿದ ಲೈಮ್ ಅಂಡ್ ಸೋಡಾ, ಹಣ್ಣಿನ ರಸ, ಶುಂಠಿಯ ಪೇಯ, ಹಲವೆಡೆ ಕಾಫಿ ಟೀ ಸಿಗುತ್ತವೆ. ಒಂದು ಲೋಟ ಹಿಡಿದು ಗಂಟೆಗಟ್ಟಲೆ ಕುಳಿತರೂ ಯಾರೂ ಏಳಿ ಎನ್ನುವುದಿಲ್ಲ. ಸಸ್ಯಾಹಾರಿಗಳು ಮಾತ್ರ ಕೆಲವು ಸಂಗತಿಗಳನ್ನು ತಿಳಿದಿರಬೇಕು. ಪೀಪಾಯಿಯ ಏಲನ್ನು ತಿಳಿಗೊಳಿಸಲು ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಎಂಬ ಪದಾರ್ಥವನ್ನು ಬಳಸುವ ರೂಢಿ ಬಹಳ ಹಳೆಯದು, ಇನ್ನೂ ಇದೆ. ಅದನ್ನು ಬಳಸದ ಏಲ್‌ಗಳೂ ಈಗ ಸಾಕಷ್ಟಿವೆ, ಕೇಳಿದರೆ ಹೇಳುತ್ತಾರೆ. ಆಲೂಗಡ್ಡೆಯ ಚಿಪ್ಸನ್ನು ಕೆಲವು ಕಡೆ ದನದ ಕೊಬ್ಬಿನಲ್ಲಿ ಇಲ್ಲವೇ ಮೀನು ಕರಿದ ಎಣ್ಣೆಯಲ್ಲಿಯೇ ಕರಿಯುತ್ತಾರೆ. ಯಾರ್ಕ್‌ಷೈರ್ ಪುಡ್ಡಿಂಗಿನಲ್ಲಿ ಮೊಟ್ಟೆಯಿರುತ್ತದೆ, ಗ್ರೇವಿ ಸಾಮಾನ್ಯವಾಗಿ ಮಾಂಸದ ಸಾರು. ಸಂಕೋಚವಿಲ್ಲದೆ ಕೇಳಿ, ಅಲ್ಲಿ ಇದು ದಿನವೂ ಕೇಳಿಬರುವ ಪ್ರಶ್ನೆ.

ಅಲ್ಲಿನ ರೀತಿನೀತಿಗಳೇನು?

ಮೇಜಿನ ಬಳಿ ಯಾರಾದರೂ ಬಂದು ಕೇಳುತ್ತಾರೆಂದು ಕಾಯಬೇಡಿ. ಕೌಂಟರಿಗೋ ಕಿಂಡಿಗೋ ನೀವೇ ಹೋಗಿ ಹೇಳಿ, ದುಡ್ಡು ಕೊಟ್ಟು, ಪೇಯವನ್ನು ನೀವೇ ತರಬೇಕು. ಬೆರಳು ಚಿಟಿಕೆ ಹೊಡೆದು, ನೋಟು ಬೀಸಿ ಕರೆಯುವುದನ್ನು ಒರಟುತನವೆಂದು ಭಾವಿಸುತ್ತಾರೆ. ಕೌಂಟರಿನ ಮುಂದೆ ಸಾಲು ಕಾಣದಿದ್ದರೂ ಯಾರ ಸರದಿ ಮೊದಲು ಎಂಬುದು ನಿಂತವರಿಗೆಲ್ಲ ಗೊತ್ತಿರುತ್ತದೆ. ನಿಮಗಿಂತ ಮೊದಲು ಬಂದವರಿದ್ದರೆ ಅವರತ್ತ ಕೈ ತೋರಿಸುವುದು ಮರ್ಯಾದೆ. ಬಿಯರಿಗೆ ಟಿಪ್ಸ್ ಕೊಡುವ ರೂಢಿಯಿಲ್ಲ. ಅಳತೆ ಪೈಂಟ್‌ನಲ್ಲಿ, ಅಂದರೆ 568 ಮಿಲಿಲೀಟರ್. ಅರ್ಧ ಪೈಂಟ್ ಕೇಳುವುದರಲ್ಲಿ ಕೀಳೆನ್ನಿಸುವಂಥದ್ದು ಏನೂ ಇಲ್ಲ.

ಜೊತೆಯಲ್ಲಿ ಬಂದವರು ಸರದಿಯಂತೆ ಎಲ್ಲರಿಗೂ ಕೊಡಿಸುವ ‘ರೌಂಡ್’ ಪದ್ಧತಿ ಬಹಳ ಗಟ್ಟಿಯಾದುದು. ಇತರರಿಂದ ಕುಡಿದು ತನ್ನ ಸರದಿ ಬಂದಾಗ ಜಾರಿಕೊಂಡವನನ್ನು ಊರು ನೆನಪಿಟ್ಟುಕೊಳ್ಳುತ್ತದೆ. ಮದ್ಯ ಬೇಡದಿದ್ದರೆ ನಿಮಗೆ ಜ್ಯೂಸ್ ಹೇಳಿ, ನಿಮ್ಮ ಸರದಿಯಲ್ಲಿ ಉಳಿದವರಿಗೆ ಅವರವರ ಪೇಯ ಕೊಡಿಸಿ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಮದ್ಯಪಾನ ತಗ್ಗಿಸಲು ಸರ್ಕಾರ ಒಬ್ಬರು ಇನ್ನೊಬ್ಬರಿಗೆ ಕೊಡಿಸುವುದನ್ನೇ ಹಲವು ಪ್ರದೇಶಗಳಲ್ಲಿ ನಿಷೇಧಿಸಿತ್ತು ಎಂದರೆ ಈ ಪದ್ಧತಿಯ ಬಲ ಎಷ್ಟಿತ್ತೆಂದು ತಿಳಿಯುತ್ತದೆ.

ಎಷ್ಟು ಹೊತ್ತು ತೆರೆದಿರುತ್ತದೆ?

ಆ ಯುದ್ಧದ ಕಾಲದಲ್ಲಿಯೇ, ಮದ್ದುಗುಂಡಿನ ಕಾರ್ಖಾನೆಗಳ ಕೆಲಸ ಕೆಡಬಾರದೆಂದು ಪಬ್‌ಗಳ ವೇಳೆಯನ್ನು ಮೊಟಕುಗೊಳಿಸಿ ಮಧ್ಯಾಹ್ನ ಮುಚ್ಚಿಸಿದರು. ತಾತ್ಕಾಲಿಕವೆಂದು ತಂದ ಆ ಮಧ್ಯಾಹ್ನದ ಬಿಡುವು 1988ರವರೆಗೂ ಉಳಿಯಿತು. 2003ರ ಪರವಾನಗಿ ಕಾಯ್ದೆ 2005ರ ನವೆಂಬರಿನಲ್ಲಿ ಜಾರಿಗೆ ಬಂದ ಮೇಲೆ ಒಂದೊಂದು ಪಬ್ಬಿನ ವೇಳೆ ಒಂದೊಂದು ಬಗೆ. ಹಳ್ಳಿಗಳಲ್ಲಿ ಚಳಿಗಾಲದ ವಾರದ ದಿನಗಳಲ್ಲಿ ಬೇಗ ಮುಚ್ಚುವುದುಂಟು; ಹೊರಡುವ ಮೊದಲು ವಿಚಾರಿಸಿಕೊಳ್ಳಿ. ಮುಚ್ಚುವ ಮುನ್ನ ಗಂಟೆ ಬಾರಿಸಿ ‘ಲಾಸ್ಟ್ ಆರ್ಡರ್ಸ್’ ಎಂದು ಕೂಗುತ್ತಾರೆ. ಒಳಗೆ ಧೂಮಪಾನವನ್ನು 2007ರ ಜುಲೈ 1ರಿಂದ ನಿಷೇಧಿಸಲಾಗಿದೆ.

ಮಕ್ಕಳನ್ನು ಕರೆದೊಯ್ಯಬಹುದೇ?

ಹಿರಿಯರ ಜೊತೆಗಿದ್ದರೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಕೆಲವು ಪಬ್‌ಗಳು ರಾತ್ರಿ ಇಂತಿಷ್ಟು ಗಂಟೆಯ ನಂತರ ಬೇಡವೆನ್ನುತ್ತವೆ. 18 ವರ್ಷ ತುಂಬದವರು ಮದ್ಯ ಕೊಳ್ಳುವಂತಿಲ್ಲ. ಎಳೆಯ ಮುಖದ ವಿದ್ಯಾರ್ಥಿಗಳು ವಯಸ್ಸಿನ ದಾಖಲೆಯನ್ನು ಜೊತೆಗಿಟ್ಟುಕೊಳ್ಳಬೇಕು.

ಮಹಿಳೆಯರು ಒಬ್ಬರೇ ಹೋಗಬಹುದೇ? ಭಾರತೀಯರನ್ನು ಹೇಗೆ ಕಾಣುತ್ತಾರೆ?

ಇಂದು ಎರಡೂ ಸಹಜ, ಮತ್ತು ಎರಡಕ್ಕೂ ಕಾನೂನಿನ ರಕ್ಷಣೆಯಿದೆ. ಆದರೆ ಇದು ತಾನಾಗಿ ಬಂದದ್ದಲ್ಲ, ಮುಚ್ಚಿಡಬೇಕಾದ ಸಂಗತಿಯೂ ಅಲ್ಲ. ಒಂಟಿ ಮಹಿಳೆಗೆ ಬಡಿಸಲು ನಿರಾಕರಿಸುವುದು 1970ರ ದಶಕದಲ್ಲಿಯೂ ಇತ್ತು. 1975ರ ಲಿಂಗ ತಾರತಮ್ಯ ವಿರೋಧಿ ಕಾಯ್ದೆಯ ನಂತರವಷ್ಟೇ ಅದನ್ನು ಪ್ರಶ್ನಿಸುವ ಬಲ ಬಂತು. ಪಂಜಾಬಿನಿಂದಲೂ ಕೆರಿಬಿಯನ್ ದ್ವೀಪಗಳಿಂದಲೂ ಬಂದ ಕಾರ್ಮಿಕರಿಗೆ ಎಷ್ಟೋ ಪಬ್‌ಗಳು ಬಿಯರ್ ಕೊಡುತ್ತಿರಲಿಲ್ಲ, ಇಲ್ಲವೇ ಒಂದು ಕೋಣೆಗೆ ಮಾತ್ರ ಬಿಡುತ್ತಿದ್ದವು. ಬರ್ಮಿಂಗ್‌ಹ್ಯಾಮ್ ಬಳಿಯ ಸ್ಮೆದಿಕ್‌ನಲ್ಲಿ ಭಾರತೀಯ ಕಾರ್ಮಿಕರ ಸಂಘ ಇದರ ವಿರುದ್ಧ ಹೋರಾಡಿತು; 1965ರ ಫೆಬ್ರವರಿಯಲ್ಲಿ ಅಮೆರಿಕದ ಕಪ್ಪು ಜನರ ಹಕ್ಕುಗಳ ಹೋರಾಟಗಾರ ಮಾಲ್ಕಮ್ ಎಕ್ಸ್ ಆ ಊರಿಗೆ ಬಂದು ಪರಿಸ್ಥಿತಿಯನ್ನು ಕಣ್ಣಾರೆ ಕಂಡರು. ಅದೇ ವರ್ಷ ಬಂದ ಜನಾಂಗ ಸಂಬಂಧಗಳ ಕಾಯ್ದೆ ಸಾರ್ವಜನಿಕ ಸ್ಥಳಗಳಲ್ಲಿ ವರ್ಣಭೇದವನ್ನು ನಿಷೇಧಿಸಿತು. ಇಂದು ಅದೇ ಪ್ರದೇಶದಲ್ಲಿ ಪಂಜಾಬಿ ಕುಟುಂಬಗಳು ನಡೆಸುವ ಪಬ್‌ಗಳು ಹೆಸರುವಾಸಿಯಾಗಿವೆ.

ಹಳ್ಳಿಯ ಪಬ್‌ಗಳು ಮುಚ್ಚುತ್ತಿರುವುದು ಏಕೆ? ಉಳಿಸುವ ದಾರಿಯಿದೆಯೇ?

ಸೂಪರ್‌ಮಾರ್ಕೆಟ್ಟಿನ ಅಗ್ಗದ ಬಿಯರ್, ತೆರಿಗೆ, ಏರುತ್ತಿರುವ ವಿದ್ಯುತ್ ಮತ್ತು ಕೂಲಿಯ ಖರ್ಚು, 1967ರ ಉಸಿರು ಪರೀಕ್ಷೆಯ ಕಾನೂನು ಬಂದ ಮೇಲೆ ಕಾರಿನಲ್ಲಿ ಬಂದು ಕುಡಿಯುವವರು ಕಡಿಮೆಯಾದದ್ದು, ಎಲ್ಲವೂ ಸೇರಿವೆ. ಇವೆಲ್ಲಕ್ಕಿಂತ ಕ್ರೂರವಾದುದು ಭೂಮಿಯ ಲೆಕ್ಕ: ಚೆಲುವಾದ ಹಳ್ಳಿಯಲ್ಲಿ ಹಳೆಯ ಕಲ್ಲಿನ ಕಟ್ಟಡ ಪಬ್ಬಾಗಿ ಇರುವುದಕ್ಕಿಂತ ಮನೆಯಾಗಿ ಮಾರಿದರೆ ಹೆಚ್ಚು ಬೆಲೆ ತರುತ್ತದೆ. ಪಬ್‌ಗಳಲ್ಲಿ ಹಲವು ಬಿಯರ್ ಕಂಪನಿಗಳ ಅಥವಾ ಆಸ್ತಿ ಕಂಪನಿಗಳ ಒಡೆತನದಲ್ಲಿದ್ದು, ನಡೆಸುವವರು ಬಾಡಿಗೆದಾರರು ಮಾತ್ರ. ಎಲ್ಲಿಂದ ಬಿಯರ್ ಕೊಳ್ಳಬೇಕೆಂಬುದನ್ನೂ ಒಡೆಯರೇ ಕಟ್ಟುಮಾಡುತ್ತಾರೆ. ಆ ಕಟ್ಟಿಲ್ಲದ್ದನ್ನು ‘ಫ್ರೀ ಹೌಸ್’ ಎನ್ನುತ್ತಾರೆ, ಸ್ಕ್ವೇರ್ ಅಂಡ್ ಕಂಪಾಸ್ ಅಂಥದ್ದು.

ಉಳಿಸುವ ದಾರಿಯನ್ನು ಊರುಗಳೇ ತೋರಿಸಿವೆ. ಇಂಗ್ಲೆಂಡಿನ ಉತ್ತರ ತುದಿಯ ಕಂಬ್ರಿಯದಲ್ಲಿ ಹೆಸ್ಕೆಟ್ ನ್ಯೂಮಾರ್ಕೆಟ್ ಎಂಬ ಹಳ್ಳಿಯ ಜನ 1999ರಲ್ಲಿ ತಮ್ಮ ಪಬ್ಬಿನ ಹಿಂದಿದ್ದ ಬಿಯರ್ ತಯಾರಿಕಾ ಘಟಕವನ್ನು ಸಹಕಾರಿ ಸಂಘ ಕಟ್ಟಿ ಕೊಂಡರು; 2003ರಲ್ಲಿ ‘ಓಲ್ಡ್ ಕ್ರೌನ್’ ಪಬ್ಬನ್ನೇ ಕೊಂಡುಕೊಂಡರು. ನೂರಕ್ಕೂ ಹೆಚ್ಚು ಮಂದಿ ಷೇರು ಹಾಕಿದರು. 2011ರ ಸ್ಥಳೀಯತಾ ಕಾಯ್ದೆಯಡಿ ಪಬ್ಬನ್ನು ಸಮುದಾಯದ ಆಸ್ತಿಯೆಂದು ಪಟ್ಟಿ ಮಾಡಿಸಿದ್ದರೆ, ಅದು ಮಾರಾಟಕ್ಕೆ ಬಂದಾಗ ಹಣ ಹೊಂದಿಸಲು ಊರಿಗೆ ಆರು ತಿಂಗಳ ಗಡುವು ಸಿಗುವಂತಾಯಿತು. ಪಬ್ಬನ್ನು ಅನುಮತಿಯಿಲ್ಲದೆ ಕೆಡವುವುದಕ್ಕೂ ಅಂಗಡಿಯಾಗಿ ಬದಲಿಸುವುದಕ್ಕೂ 2017ರಲ್ಲಿ ತಡೆ ಬಿತ್ತು. ಪಬ್ಬಿನ ಮೂಲೆಯಲ್ಲಿಯೇ ಅಂಚೆ ಸೇವೆ, ದಿನಸಿ, ಪುಸ್ತಕಗಳ ಕಪಾಟು ಇಟ್ಟು ಊರಿಗೆ ಅನುಕೂಲ ಮಾಡಿಕೊಟ್ಟವರೂ ಇದ್ದಾರೆ. ಸಹಕಾರ ಸಂಘಗಳ ಅನುಭವ ನಮಗೂ ಇರುವುದರಿಂದ, ಊರಿನವರು ತಮ್ಮದೇ ದುಡ್ಡು ಹಾಕಿ ಮಾಡಿದ ಈ ಕೆಲಸದ ಬೆಲೆ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ವರ್ತ್ ಮ್ಯಾಟ್ರಾವರ್ಸ್‌ನಲ್ಲಿ ಇನ್ನೇನು ನೋಡಬಹುದು?

ಪಬ್ಬಿನಿಂದ ಕೆಲವೇ ನಿಮಿಷಗಳ ನಡಿಗೆಯಲ್ಲಿರುವ ಸೇಂಟ್ ನಿಕೊಲಸ್ ಚರ್ಚಿನ ಅಂಗಳದಲ್ಲಿ ಬೆಂಜಮಿನ್ ಜೆಸ್ಟಿ ಎಂಬ ರೈತನ ಸಮಾಧಿಯಿದೆ. ಸಿಡುಬಿನ ಲಸಿಕೆಗೆ ಹೆಸರಾದ ವೈದ್ಯ ಎಡ್ವರ್ಡ್ ಜೆನ್ನರ್ ತನ್ನ ಪ್ರಯೋಗ ಮಾಡುವುದಕ್ಕೆ 22 ವರ್ಷ ಮೊದಲೇ, 1774ರಲ್ಲಿ, ಸಿಡುಬಿನಿಂದ ಕಾಪಾಡಲೆಂದು ಹಸುವಿನ ಸಿಡುಬಿನ ಕೀವನ್ನು ತನ್ನ ಹೆಂಡತಿ ಮಕ್ಕಳಿಗೆ ಚುಚ್ಚಿದ ಧೈರ್ಯಶಾಲಿ ಆತ. 1940ರಿಂದ 1942ರವರೆಗೆ ಬ್ರಿಟನ್ನಿನ ರೇಡಾರ್ ಸಂಶೋಧನೆಯ ಕೇಂದ್ರವೂ ಇದೇ ಹಳ್ಳಿಯಲ್ಲಿತ್ತು.

ದಕ್ಷಿಣಕ್ಕೆ ಇಳಿದರೆ ವಿನ್‌ಸ್ಪಿಟ್‌ನ ಹಳೆಯ ಕಲ್ಲುಗಣಿಗಳು ಸಿಗುತ್ತವೆ. ಅದಕ್ಕೂ ಸೀಕೂಂಬ್‌ಗೂ ನಡುವಿನ ಕಡಿದಾದ ಬಂಡೆಯ ಬುಡದಲ್ಲಿ 1786ರ ಜನವರಿ 6ರಂದು, ಲಂಡನ್ನಿನಿಂದ ಮದರಾಸಿಗೆ ಹೊರಟಿದ್ದ ಈಸ್ಟ್ ಇಂಡಿಯಾ ಕಂಪನಿಯ ‘ಹಾಲ್ಸ್‌ವೆಲ್’ ಹಡಗು ಬಿರುಗಾಳಿಗೆ ಸಿಕ್ಕಿ ಒಡೆಯಿತು. 240ಕ್ಕೂ ಹೆಚ್ಚು ಜನರಲ್ಲಿ ಬದುಕಿದವರು 74 ಮಂದಿ. ಅವರನ್ನು ಹಗ್ಗ ಇಳಿಬಿಟ್ಟು ಮೇಲೆಳೆದುಕೊಂಡವರು ಇಲ್ಲಿನ ಕಲ್ಲುಗಣಿಯ ಕೆಲಸಗಾರರು. ಗಣಿಗಳ ಅಂಚು ಸಡಿಲ, ಮಳೆಯಲ್ಲಿ ದಾರಿ ಜಾರುತ್ತದೆ. ಗಟ್ಟಿ ಬೂಟು ಹಾಕಿಕೊಂಡೇ ಇಳಿಯಿರಿ, ಕೆಸರಾದ ಬೂಟಿನಲ್ಲಿಯೇ ಪಬ್ಬಿಗೆ ಹಿಂದಿರುಗಿದರೆ ಆ ಕಲ್ಲಿನ ನೆಲದ ಮೇಲೆ ಯಾರ ಆಕ್ಷೇಪವೂ ಇರುವುದಿಲ್ಲ.